ಎರಡೂ ಗಾಡಿ ನಿಂತೇ ಇದ್ದವು

ಗಾಡಿ ನಿಲ್ಲಿಸುವ ಜಾಗದಲ್ಲಿ ಗಾಡಿಗೆ ಗಾಡಿ ತಾಗಿದ ಯಾವ ಪ್ರಕರಣದಲ್ಲೂ ಓಡುತ್ತಿದ್ದ ಗಾಡಿ ಅಂತ ಒಂದೂ ಇರುವುದಿಲ್ಲ. ವಿಮಾ ಕಂಪನಿಯೊಂದರಲ್ಲಿ ಕಾರಕೂನಿಕೆ ಮಾಡಿ ನಿವೃತ್ತನಾದವನು ಹೇಳುವ ಮಾತಿದು, ನಂಬಬಹುದು. ಕ್ಲೇಮ್ ಫಾರ್ಮಿನಲ್ಲಿ 'ಅಪಘಾತ ಹೇಗಾಯಿತು' ಅನ್ನುವ ಕಾಲಮ್ಮಿನ ಮುಂದೆ ಇವರೂ 'ನನ್ನ ಗಾಡಿ ನಿಂತಿತ್ತು' ಅಂತ ಬರೆಯುತ್ತಾರೆ, ಅವರೂ 'ನನ್ನ ಗಾಡಿ ನಿಂತಿತ್ತು' ಅಂತಲೇ ಬರೆಯುತ್ತಾರೆ. ನಿಂತ ಎರಡು ಗಾಡಿಗಳು ಮಾಲಕರಿಗೆ ಗೊತ್ತಿಲ್ಲದಂತೆ ಒಂದನ್ನೊಂದು ಹುಡುಕಿಕೊಂಡು ಹೋಗಿ ಹೊಡೆದಾಡಿ, ಮತ್ತೆ ಸುಮ್ಮನೆ ಬಂದು ನಿಂತಿರುತ್ತವೆ. ನಡುವೆ ನಾಯಿಯೊಂದು ಅಡ್ಡ ಬಂದಿರುವುದೂ ಉಂಟು. ನಾಯಿಯ ಸುದ್ದಿ ಆಮೇಲೆ.

ನಮ್ಮ ಮಗ್ಗಲಮನಿ ಕಾಕಾನ ಅಳಿಯನಿಗೆ ಮೊನ್ನೆ ಅಮವಾಸ್ಯೆ ದಿನ ಯಡೂರಿನಲ್ಲೇ ಈ ಪವಾಡ ಒದಗಿತು. ಅಮವಾಸ್ಯೆಗೆ ನಮ್ಮೂರಿಗೆ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ದಂಡೆಯ ಈ ವೀರಭದ್ರ ಕರ್ನಾಟಕದ ಮನೆಗಳಿಗೂ ಮನೆದೇವರು, ಮಹಾರಾಷ್ಟ್ರದ ಮನೆಗಳಿಗೂ ಮನೆದೇವರು. ಚಿಕ್ಕೋಡಿಯ ಕೆಎ-23, ಬೆಳಗಾವಿಯ ಕೆಎ-22, ಕೊಲ್ಹಾಪುರದ ಎಂಎಚ್-09, ಸಾಂಗಲಿಯ ಎಂಎಚ್-10 ಎಲ್ಲ ಒಂದರ ಮಗ್ಗಲಿಗೊಂದು ಒತ್ತಿಕೊಂಡು ನಿಂತಿರುತ್ತವೆ. ಕಬ್ಬು ಕಡಿದ ಹೊಲ ಖಾಲಿ ಸಿಕ್ಕರೆ ಅದೂ ನಿಲುಗಡೆಯೇ. ಗೆರೆ ಇಲ್ಲ, ಬಾಣದ ಗುರುತಿಲ್ಲ. ಯಾರು ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದನ್ನು ಕಾಯಿ ಮಾರುವ ಹುಡುಗರು ಕೈ ಬೀಸಿ ಹೇಳುತ್ತಾರೆ. ಆ ಕೈ ಗಿರಾಕಿಯನ್ನು ಕರೆಯಲಿಕ್ಕೆ ಬೀಸಿದ್ದೋ ಗಾಡಿ ತಿರುಗಿಸಲಿಕ್ಕೆ ಬೀಸಿದ್ದೋ ತಿಳಿಯುವಷ್ಟರಲ್ಲಿ ಬಂಪರಿನ ಸಪ್ಪಳ ಕೇಳಿರುತ್ತದೆ.

ಅಳಿಯ ನಿಪ್ಪಾಣಿಯವನು, ತಂಬಾಕಿನ ವ್ಯಾಪಾರ. ಹೆಂಡತಿ ಮಕ್ಕಳನ್ನು ಕರಕೊಂಡು ದರ್ಶನಕ್ಕೆ ಬಂದಿದ್ದ, ಮಾವನ ಮನೆಯಲ್ಲಿ ಹೋಳಿಗೆ ಉಂಡು ಹೋಗುವ ವಿಚಾರ. ಗುಡಿಯಿಂದ ಬಂದು ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ. ಕೊಲ್ಹಾಪುರದ ಗಾಡಿಯೊಂದು ಜಾಗ ಹುಡುಕುತ್ತ ಹಿಂದಿನಿಂದ ಹಾಯುತ್ತಿತ್ತು. ಇವನ ಹಿಂದಿನ ಬಂಪರ್ ಒಡೆಯಿತು, ಅವರ ಎಡಗಡೆಯ ಬಾಗಿಲು ಒಳಗೆ ಹೋಯಿತು. ಇಷ್ಟು ನನಗೆ ಗೊತ್ತಾದದ್ದು ಕಾಯಿ ಮಾರುವ ಹುಡುಗರಿಂದ. ಇಬ್ಬರು ಮಾಲಕರ ಬಾಯಲ್ಲಿ ಮಾತ್ರ ಎರಡೂ ಗಾಡಿ ನಿಂತಿದ್ದವು. ಇಳಿದವರೇ ಅವರು "ಚೂಕ ತುಮಚೀ ಆಹೇ" (ತಪ್ಪು ನಿಮ್ಮದು) ಅಂದರು, ಇವನು "ಕಣ್ಣ ಎಲ್ಲಿ ಇಟ್ಟಿದ್ರಿ" ಅಂದ. ದಕ್ಷನ ಯಜ್ಞ ಕೆಡಿಸಿದ ವೀರಭದ್ರ ಒಳಗೆ ಶಾಂತವಾಗಿದ್ದ, ಹೊರಗೆ ಇವರಿಬ್ಬರು ಕತ್ತಿ ಹಿರಿಯುವುದೊಂದು ಬಾಕಿ.

ಮರುದಿನ ಮುಂಜಾನೆ ಮದರಂಗಿ ಬೇಲಿಯ ಆಚೆಯಿಂದ ಕಾಕಾ ಕೂಗಿದ.

"ಸಾಹೇಬ್ರ, ಇನ್ಸೂರನ್ಸದವರ ಮ್ಯಾಲ ಕೇಸ್ ಹಾಕಬೇಕಂತ ಮಾಡೇನಿ."

"ಯಾಕ ಕಾಕಾ, ಅವರೇನ್ ಮಾಡ್ಯಾರ? ಅವರಿಗಿನ್ನೂ ಸುದ್ದೀನ ಮುಟ್ಟಿಲ್ಲಲ್ಲ?"

"ಇನ್ನ ಮುಂದ ಮಾಡತಾರಲ್ರಿ!"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟೊತ್ತಿಗೆ ಕಾಕಾನ ಹೆಂಡತಿ ಕಾಕು ಚಾದ ಕಪ್ಪನ್ನು ಬೇಲಿಯ ಮೇಲಿಂದ ದಾಟಿಸಿದಳು. ಅಳಿಯ ತೆಗೆದ ಫೋಟೋ ಅದಾವೇನು ಅಂತ ಕೇಳಿದೆ. ಕಾಕಾ ಹೆಮ್ಮೆಯಿಂದ ಮೊಬೈಲ್ ಕೊಟ್ಟ. ಮೊದಲನೆಯದರಲ್ಲಿ ಅಳಿಯ ಒಡೆದ ಬಂಪರಿಗೆ ಬೆರಳು ತೋರಿಸಿಕೊಂಡು ನಿಂತಿದ್ದಾನೆ, ಚುನಾವಣೆಯಲ್ಲಿ ಮತ ಹಾಕಿ ಬಂದವರ ಹಾಗೆ. ಎರಡನೆಯದರಲ್ಲಿ ಕೊಲ್ಹಾಪುರದವರ ಸಿಟ್ಟಿನ ಮುಖ. ಮೂರನೆಯದು ಗುಡಿಯ ಶಿಖರ. ಎರಡೂ ಗಾಡಿ ತಾಗಿದ ಜಾಗದಲ್ಲೇ ಇದ್ದಾಗ ತೆಗೆದದ್ದು ಒಂದೂ ಇಲ್ಲ. ಮಂದಿ ಸೇರಿದರು, 'ದಾರಿ ಬಿಡ್ರಿ' ಅಂದರು, ಇವರು ಗಾಡಿ ಸರಿಸಿದರು, ಸರಿಸಿದ ಮೇಲೆ ಜಗಳ ಸುರು ಮಾಡಿದರು. ಬೇಕಿದ್ದದ್ದು ಇದರ ಉಲ್ಟಾ. ಮೊದಲು ಫೋಟೋ, ಆಮೇಲೆ ಸರಿಸುವುದು, ಬೈಗುಳ ಬೇಕಾದರೆ ಕೊನೆಗೆ.

ಫೋಟೋದಲ್ಲಿ ಮುಖ ಬೇಡ, ಗಾಲಿ ಬೇಕು. ಮುಂದಿನ ಗಾಲಿ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಗಾಡಿ ಎತ್ತ ಹೊರಟಿತ್ತು ಅಂತ ಗೊತ್ತಾಗುತ್ತದೆ. ಎರಡೂ ನಂಬರ್ ಪ್ಲೇಟು ಒಂದೇ ಚೌಕಟ್ಟಿನಲ್ಲಿ ಬರಬೇಕು. ಬೇವಿನ ಗಿಡವೋ ಕರೆಂಟಿನ ಕಂಬವೋ, ಜಾಗ ಬಿಟ್ಟು ಹೋಗದ ವಸ್ತುವೊಂದು ಹಿಂದೆ ಕಾಣಬೇಕು. ಒಡೆದ ಚೂರು ನೆಲದ ಮೇಲೆ ಎಲ್ಲಿ ಬಿದ್ದಿವೆಯೋ ಅಲ್ಲೇ ಇರುವಂತೆ ಒಂದು. ವಿಮಾ ಕಂಪನಿ ಕಳಿಸುವ ಅನುಭವಿ ಸರ್ವೇಯರನಿಗೆ ಇಷ್ಟೂ ಬೇಕಾಗುವುದಿಲ್ಲ. ಬಣ್ಣ ಕೆರೆದ ಗೆರೆ ಎಲ್ಲಿ ಆಳ ಇದೆ, ಎಲ್ಲಿ ತೆಳುವಾಗಿ ಹೋಗಿದೆ, ಯಾವ ಗಾಡಿಯ ಬಣ್ಣ ಯಾವುದಕ್ಕೆ ಅಂಟಿದೆ ಅಂತ ಕೈಯಾಡಿಸಿ ನೋಡಿ, ಯಾರು ನಿಂತಿದ್ದರು ಯಾರು ಬಂದರು ಅಂತ ಹೇಳಿಬಿಡುತ್ತಾನೆ. ಅವನ ಮುಂದೆ ನಿಂತು 'ನಿಂತಿದ್ದೆ' ಅನ್ನುವವರನ್ನು ನೋಡುವುದೇ ಒಂದು ಮೋಜು.

"ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಅಳಿಯಂದು ಹಿಂದಿನ ಬಂಪರ್ ಹೋಗೇತಿ, ಅವರದು ಮಗ್ಗಲ ಬಾಗಲಾ ಹೋಗೇತಿ. ಹಿಂದಕ್ಕ ತಗದವ ಇವನ."

"ಹಂಗಂದ್ರ ನೀವೂ ಅವರ ಕಡೇನ?"

"ಬಂಪರ್ ಅವರ ಕಡೆ ಐತ್ರಿ."

ಹಿಂದಕ್ಕೆ ಗಾಡಿ ತೆಗೆಯುವವನು ಯಾರಿಗೂ ಅಪಾಯವಾಗದಂತೆ, ತೊಂದರೆಯಾಗದಂತೆ ಖಾತ್ರಿ ಮಾಡಿಕೊಂಡೇ ತೆಗೆಯಬೇಕು ಅನ್ನುವುದು ಚಾಲನೆಯ ನಿಯಮ. ಹಾಗಂತ ಹಾಯ್ದು ಹೋಗುವವನು ಕಣ್ಣು ಮುಚ್ಚಿಕೊಂಡು ಹೋಗಲಿ ಅಂತಲ್ಲ. ಹಿಂದಿನ ಬಿಳಿ ದೀಪ ಹತ್ತಿದ್ದು ಕಂಡೂ ನುಗ್ಗಿದರೆ ಅವನಿಗೂ ಪಾಲು ಬರುತ್ತದೆ. ಕೋರ್ಟುಗಳು ಇಂಥಲ್ಲಿ ತಪ್ಪನ್ನು ಪಾಲು ಹಾಕಿ ಕೊಡುವುದು ಹೊಸದೇನಲ್ಲ, ಇವನಿಗಿಷ್ಟು ಅವನಿಗಿಷ್ಟು ಅಂತ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಷ್ಟು ವರ್ಷ ಹಿಡಿಯಬಹುದು ಅಷ್ಟೇ.

ಕಾಕಾನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು. "ಅದು ರಸ್ತಾ ಅಲ್ರಿ, ಹೊಲ. ಹೊಲದಾಗ ಮೋಟಾರ ಕಾಯ್ದೆ ನಡೆಯೂದಿಲ್ಲಂತ, ಅಂಗಡಿ ಕಟ್ಟಿ ಮ್ಯಾಲ ಒಬ್ರು ಹೇಳಿದ್ರು." ನಮ್ಮ ಕಡೆ ಅಂಗಡಿ ಕಟ್ಟೆಯ ಮೇಲೆ ಸಿಗದ ಕಾನೂನು ಸಲಹೆ ಇಲ್ಲ, ಫೀಸೂ ಇಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 2(34)ನೇ ಕಲಮು ಸಾರ್ವಜನಿಕ ಸ್ಥಳವನ್ನು ಬಹಳ ಅಗಲವಾಗಿ ಹಿಡಿದಿದೆ. ರಸ್ತೆ, ಬೀದಿ, ದಾರಿ ಮಾತ್ರವಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಅದರೊಳಗೆ ಬಂತು, ಅದು ಹಾಯ್ದು ಹೋಗುವ ದಾರಿಯಾಗಿರಲಿ ಬಿಡಲಿ. ಜಾತ್ರೆಗೆ, ದರ್ಶನಕ್ಕೆ ಅಂತ ನಾಲ್ಕೂ ದಿಕ್ಕಿನ ಗಾಡಿಗೆ ತೆರೆದಿಟ್ಟ ಬಯಲನ್ನು ಆವತ್ತಿನ ಮಟ್ಟಿಗೆ ಖಾಸಗಿ ಹೊಲ ಅಂತ ವಾದಿಸಿ ಗೆಲ್ಲುವುದು ಕಷ್ಟ. ಮೂರನೆಯವರ ಆಸ್ತಿಗೆ ಹಾನಿಯಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಹತ್ತಿರದ ಠಾಣೆಗೆ ಹೇಳಬೇಕು, ವಿಮಾ ಕಂಪನಿಗೂ ತಿಳಿಸಬೇಕು ಅನ್ನುವ 134ನೇ ಕಲಮು ಕೂಡ 'ಮನುಷ್ಯರಿಗೆ ಪೆಟ್ಟಾದರೆ ಮಾತ್ರ' ಅಂತ ಹೇಳುವುದಿಲ್ಲ. ಬಂಪರ್ ಒಡೆದದ್ದಕ್ಕೆ ಅಂಕಲಿ ಠಾಣೆಗೆ ಹೋಗಿ ಬಂದವರನ್ನು ನಾನಂತೂ ಹೆಚ್ಚು ಕಂಡಿಲ್ಲ. ಕಾಯ್ದೆಯಲ್ಲಿ ಮಾತ್ರ ಹಾಗೆ ಇದೆ.

"ಹೋಗ್ಲಿ, ಅವರ ಇನ್ಸೂರನ್ಸದಿಂದ ನಮ್ಮ ಬಂಪರ್ ರೊಕ್ಕಾ ಬರತೈತೋ ಇಲ್ಲೋ ಹೇಳ್ರಿ."

ಇಲ್ಲಿ ಒಂದು ಮುಖ್ಯ ಗಂಟಿದೆ, ಮತ್ತು ಜನ ಎಡವುವುದು ಇಲ್ಲೇ. ಪಾಲಿಸಿಯೊಳಗೆ ಎರಡು ಖೋಲಿ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ಇದು ಕಡ್ಡಾಯ. ಹಳೆಯ 1939ರ ಕಾಯ್ದೆಯ ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಿಂದ. ಆಗ ನಾವು ಮುಂಬಯಿ ಪ್ರಾಂತದವರು, ಅವರು ಕೊಲ್ಹಾಪುರ ಮಹಾರಾಜರ ಪ್ರಜೆಗಳು. ಇನ್ನೊಂದು ಖೋಲಿ ಓನ್ ಡ್ಯಾಮೇಜ್, ನಮ್ಮ ಗಾಡಿಗಾದ ಹಾನಿಗೆ. ಇದು ನಮ್ಮ ಖುಷಿ.

ಓನ್ ಡ್ಯಾಮೇಜಿನಲ್ಲಿ ಕಂಪನಿ ರಿಪೇರಿಯ ಹಣ ಕೊಡುವಾಗ ತಪ್ಪು ಯಾರದು ಅಂತ ಹಟ ಹಿಡಿಯುವುದಿಲ್ಲ. ಲೈಸೆನ್ಸ್ ಸರಿ ಇದ್ದು, ಕುಡಿದಿರದಿದ್ದರೆ, ನಮ್ಮದೇ ತಪ್ಪಿದ್ದರೂ ಕೊಡುತ್ತದೆ. ವಿಮೆ ಇರುವುದೇ ಅದಕ್ಕೆ. ಇಷ್ಟು ಗೊತ್ತಿದ್ದರೆ ಅಮವಾಸ್ಯೆಯ ದಿನ ಗುಡಿಯ ಮುಂದೆ ಗಂಟಲು ಹರಿದುಕೊಳ್ಳುವ ಮಂದಿ ಅರ್ಧಕ್ಕರ್ಧ ಕಡಿಮೆಯಾದಾರು. ತಪ್ಪು ಯಾರದೆಂಬ ಮಾತು ಬರುವುದು ಎದುರಿನವರ ಥರ್ಡ್ ಪಾರ್ಟಿಗೆ ಕೈ ಹಾಕಿದಾಗ. ಅದು ಸಿಗುವುದು ಫಾರ್ಮ್ ತುಂಬಿದರೆ ಅಲ್ಲ. 166ನೇ ಕಲಮಿನ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು, ಎದುರಿನವನ ತಪ್ಪನ್ನು ಸಾಬೀತು ಮಾಡಬೇಕು. ಎದುರಿನವನು ಕೊಲ್ಹಾಪುರದವನಾದರೂ ನಮ್ಮ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು, ಅದೊಂದು ಅನುಕೂಲ. ಆರು ತಿಂಗಳೊಳಗೆ ಹಾಕಬೇಕು ಅಂತ 2019ರ ತಿದ್ದುಪಡಿ ಹೇಳುತ್ತದೆ. ಸಾಧಾರಣ ಪಾಲಿಸಿಯಲ್ಲಿ ಕಾರಿನಿಂದ ಬೇರೆಯವರ ಆಸ್ತಿಗಾದ ಹಾನಿಗೆ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ನೂರು ರೂಪಾಯಿ ಉಳಿಸಲಿಕ್ಕೆ ಅದನ್ನು ಆರು ಸಾವಿರಕ್ಕೆ ಇಳಿಸಿಕೊಂಡ ಪುಣ್ಯಾತ್ಮರೂ ಇದ್ದಾರೆ. ಈಗಿನ ಕಾರಿನ ಬಾಗಿಲೊಂದರ ಬೆಲೆ ಕೇಳಿದರೆ ಅವರಿಗೆ ಆ ನೂರು ರೂಪಾಯಿ ನೆನಪಾಗುತ್ತದೆ.

ಒಂದು ಬಂಪರಿಗಾಗಿ ನ್ಯಾಯಮಂಡಳಿಗೆ ಹೋಗಿ, ವಕೀಲರನ್ನಿಟ್ಟು, ತಾರೀಖಿನ ಮೇಲೆ ತಾರೀಖು ಅಂತ ಚಿಕ್ಕೋಡಿಗೆ ಓಡಾಡುವುದೆಂದರೆ, ಬಂಪರಿನ ದುಡ್ಡು ಎಣ್ಣೆಗೇ ಹೋಯಿತು. ಹಾಗಾಗಿ ಉಳಿದದ್ದು ನಮ್ಮ ಪಾಲಿಸಿಯ ಓನ್ ಡ್ಯಾಮೇಜ್. ಇಲ್ಲಿಂದ ಮುಂದೆ ಮಾತಾಡಿದ್ದು ಕಾಕು. ಆಕೆ ಸ್ತ್ರೀಶಕ್ತಿ ಸಂಘದ ಲೆಕ್ಕ ಇಡುವವಳು. ಕಾಕಾ ಸಿಟ್ಟು ನೋಡುತ್ತಾನೆ, ಕಾಕು ಪಾವತಿ ನೋಡುತ್ತಾಳೆ.

"ಗ್ಯಾರೇಜಿನಾಂವ ಎಷ್ಟ ಹೇಳ್ಯಾನ್ರಿ? ಹನ್ನೆರಡ ಸಾವಿರ. ಕಂಪನಿ ಎಷ್ಟ ಕೊಡತೈತಿ? ಅದನ ಹೇಳ್ರಿ ಮೊದಲ."

ಬೇಲಿಯ ಮೇಲೇ ಲೆಕ್ಕ ಹಾಕಿದೆವು. ಬಂಪರ್ 6,400. ಬಂಪರ್ ಪ್ಲಾಸ್ಟಿಕ್ಕು. ರಬ್ಬರು, ನೈಲಾನು, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಅಂತ ಅರ್ಧ ಕಡಿಯುತ್ತಾರೆ, ಗಾಡಿ ಎಷ್ಟೇ ಹೊಸದಿರಲಿ. ಗಾಜಿಗೆ ಕಡಿತ ಇಲ್ಲ. ಕಬ್ಬಿಣ ತಗಡಿಗೆ ಗಾಡಿಯ ವಯಸ್ಸು ನೋಡಿ, ಮೊದಲ ಆರು ತಿಂಗಳು ಏನೂ ಇಲ್ಲ, ಹತ್ತು ವರ್ಷ ದಾಟಿದರೆ ಅರ್ಧ. ಅಂದರೆ ಬಂಪರಿಗೆ ಬಂದದ್ದು 3,200. ಬಣ್ಣಕ್ಕೆ 4,000, ಅದರಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರರ್ಧ ಕಡಿದರೆ 3,500. ಕೂಲಿ 1,600 ಪೂರ್ತಿ. ಒಟ್ಟು 8,300. ಇದರಲ್ಲಿ 1500 ಸಿಸಿಯ ಒಳಗಿನ ಕಾರಿಗೆ ಕಡ್ಡಾಯವಾಗಿ ಮಾಲಕ ಹೊರಬೇಕಾದ 1,000 ಕಳೆದರೆ 7,300. ಜಿಎಸ್‌ಟಿಯ ಗೊಡವೆ ಬೇಡ ಅಂತ ಬದಿಗಿಟ್ಟೆವು. ಸವಕಳಿ ಕಡಿಯಬಾರದೆಂದು ಝೀರೋ ಡಿಪ್ ಅಂತ ಹೆಚ್ಚಿನ ಪ್ರೀಮಿಯಂ ಕಟ್ಟಿದವರಿಗೆ ಈ ಅರ್ಧದ ಗೋಳು ಇರುವುದಿಲ್ಲ. ಅಳಿಯ ಕಟ್ಟಿರಲಿಲ್ಲ.

"ಏಳ ಸಾವಿರ ಬರತಾವಲ್ರಿ ಮತ್ತ! ಬಿಟ್ಟಿ ಬಂದದ್ದ ಬಿಡಬೇಕ?" ಅಂತ ಕಾಕಾ.

"ಬಿಟ್ಟಿ ಎಲ್ಲಿ ಬಂತ್ರಿ? ನಿಮ್ಮ ಅಳಿಯಗ ನೋ ಕ್ಲೇಮ್ ಬೋನಸ್ ಎಷ್ಟ ಐತಿ ಕೇಳ್ರಿ."

ಫೋನ್ ಹಚ್ಚಿ ಕೇಳಿದರು. ಐವತ್ತು ಪ್ರತಿಶತ. ಒಂದು ವರ್ಷ ಓನ್ ಡ್ಯಾಮೇಜ್ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಆ ಭಾಗದ ಪ್ರೀಮಿಯಮ್ಮಿನಲ್ಲಿ 20 ಪ್ರತಿಶತ ರಿಯಾಯ್ತಿ, ಎರಡನೆಯ ವರ್ಷಕ್ಕೆ 25, ಆಮೇಲೆ 35, 45, ಐದನೆಯ ವರ್ಷಕ್ಕೆ 50. ಅಲ್ಲಿಗೆ ಏಣಿ ಮುಗಿಯಿತು. ಒಮ್ಮೆ ಕ್ಲೇಮ್ ಮಾಡಿದಿರೋ, ಐವತ್ತರಿಂದ ಸೀದಾ ಸೊನ್ನೆಗೆ. ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಅಳಿಯನ ಗಾಡಿಗೆ ರಿಯಾಯ್ತಿ ಕಳೆಯುವ ಮೊದಲು ಓನ್ ಡ್ಯಾಮೇಜ್ ಪ್ರೀಮಿಯಂ 12,000 ಅಂತ ಇಟ್ಟುಕೊಳ್ಳಿ. ಮುಂದಿನ ವರ್ಷ 6,000 ಉಳಿಯುತ್ತಿದ್ದದ್ದು ಹೋಯಿತು. ಅದರ ಮರು ವರ್ಷ 50ರ ಬದಲು 20, ಹಾಗಾಗಿ 3,600 ಹೋಯಿತು. ಆಮೇಲೆ 3,000, 1,800, 600. ಕಾಕು ಬೆರಳ ಗೆಣ್ಣಿನ ಮೇಲೆ ಕೂಡಿಸಿದಳು, ನಾನು ಬಾಯಿ ತೆರೆಯುವ ಮೊದಲೇ.

"ಹದಿನೈದ ಸಾವಿರ. ಏಳ ಸಾವಿರ ತಗೋಳಾಕ ಹದಿನೈದ ಸಾವಿರ ಕೊಡತಾನ ನಿಮ್ಮ ಅಳಿಯಾ."

"ನಿನ್ನ ಅಳಿಯಾನೂ ಹೌದಲ!" ಅಂದ ಕಾಕಾ. ಲೆಕ್ಕ ತಪ್ಪಿದಾಗ ಅಳಿಯ ಯಾವಾಗಲೂ ಎದುರಿನವರ ಕಡೆಯವನು.

ಈ ಲೆಕ್ಕವನ್ನು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಯಾರೂ ಹಾಕಿ ತೋರಿಸುವುದಿಲ್ಲ. 'ಕ್ಲೇಮ್ ಮಾಡ್ರಿ ಸರ್, ನಿಮ್ಮ ಕೈಯಿಂದ ಏನೂ ಹೋಗೂದಿಲ್ಲ' ಅನ್ನುತ್ತಾರೆ. ಆವತ್ತು ಹೋಗುವುದಿಲ್ಲ, ನಿಜ. ಮುಂದಿನ ಐದು ವರ್ಷ ಸ್ವಲ್ಪ ಸ್ವಲ್ಪ ಹೋಗುತ್ತದೆ. ಸಣ್ಣ ಪೆಟ್ಟಿಗೆ ಕ್ಲೇಮ್ ಮಾಡಬಾರದು, ದೊಡ್ಡದಕ್ಕೆ ಬಿಡಬಾರದು ಅನ್ನುವುದು ನನ್ನ ಕಾರಕೂನಿಕೆಯ ತೀರ್ಮಾನ. ಎಷ್ಟು ಸಣ್ಣದು ಸಣ್ಣದು ಅನ್ನುವುದಕ್ಕೆ ಮಾತ್ರ ಅವರವರ ಪಾಲಿಸಿ ತೆರೆದು ಲೆಕ್ಕ ಹಾಕಲೇಬೇಕು, ಬೋನಸ್ ಸೊನ್ನೆ ಇದ್ದವನಿಗೆ ಇದೇ ಬಂಪರಿನ ಲೆಕ್ಕ ಬೇರೆಯಾಗುತ್ತದೆ. ಹೆಚ್ಚಿನ ಪ್ರೀಮಿಯಂ ಕೊಟ್ಟು ಬೋನಸ್ಸನ್ನೇ ಕಾಪಾಡಿಕೊಳ್ಳುವ ಆಯ್ಕೆಯೂ ಇದೆ.

ಇನ್ನು ನಾಯಿ. ಅಳಿಯನಿಗೆ ಯಾರೋ ಬುದ್ಧಿವಂತರು ಹೇಳಿದ್ದರಂತೆ, 'ಎದುರಿನ ಗಾಡಿ ಅಂತ ಬರದ್ರ ನಂಬರ ಕೇಳತಾರ, ಪೊಲೀಸ್ ಕಾಗದಾ ಕೇಳತಾರ, ಸುಮ್ನ ನಾಯಿ ಅಡ್ಡ ಬಂತು, ಹಿಂದ ತಗೋಳಾಗ ಕಂಬಕ್ಕ ಬಡೀತು ಅಂತ ಬರೀರಿ' ಅಂತ. ಕ್ಲೇಮ್ ಫಾರ್ಮುಗಳನ್ನು ನಂಬುವುದಾದರೆ ನಮ್ಮ ನಾಡಿನ ಬೀದಿನಾಯಿಗಳಿಗೆ ಕಾರಿನ ಮುಂದೆ ಹಾಯುವುದು ಬಿಟ್ಟರೆ ಬೇರೆ ಉದ್ಯೋಗವೇ ಇಲ್ಲ. ಸತ್ತ ನಾಯಿ ಒಂದೂ ಇಲ್ಲ, ಎಲ್ಲವೂ ಚಾಲಕನ ಕರುಣೆಯಿಂದ ಬದುಕಿ ಓಡಿ ಹೋದವು. ಹಿಂದಕ್ಕೆ ತೆಗೆಯುವ ಗಾಡಿಗೆ ನಾಯಿ ಹೇಗೆ ಅಡ್ಡ ಬಂತು ಅಂತ ಕೇಳಿದರೆ 'ಹಿಂದಿಂದ ಬಂತ್ರಿ' ಅನ್ನುತ್ತಾರೆ. ನಗುವ ವಿಷಯ ಹೌದು, ಆದರೆ ಫಾರ್ಮಿನ ಕೆಳಗೆ ಸಹಿ ಇರುತ್ತದೆ. ಕಂಬಕ್ಕೆ ಬಡಿದದ್ದು ಅಂತ ಬರೆದ ಬಂಪರಿನ ಮೇಲೆ ಕೊಲ್ಹಾಪುರದವರ ಬಾಗಿಲಿನ ಕೆಂಪು ಬಣ್ಣ ಅಂಟಿರುತ್ತದೆ. ಸುಳ್ಳು ಹೇಳಿಕೆ ಸಿಕ್ಕಿಬಿದ್ದರೆ ಕ್ಲೇಮ್ ಪೂರ್ತಿ ತಿರಸ್ಕಾರ. ನಾಳೆ ಕೊಲ್ಹಾಪುರದವರು ಬಾಗಿಲಿಗಾಗಿ ಕೋರ್ಟಿಗೆ ಹೋದರೆ ಆ ಸುಳ್ಳು ಕಾಗದವೇ ಇವನ ವಿರುದ್ಧದ ಸಾಕ್ಷಿ.

ಸಹಿಯ ಮಾತು ಬಂತು, ಇನ್ನೊಂದು ಸಹಿಯ ಸಂಗತಿ. ಜಗಳದ ನಡುವೆ ಹಿರಿಯರೊಬ್ಬರು 'ಯಾಕ ಬಾಯಿ ಮಾಡತೀರಿ, ಒಂದ ಕಾಗದದಾಗ ಯಾರದ ತಪ್ಪ ಅಂತ ಬರದ ಮುಗಸ್ರಿ, ಮೂರ ಸಾವಿರ ಕೊಟ್ಟ ಬಿಡ್ರಿ' ಅಂದಿದ್ದರಂತೆ. ಹಿರಿಯರ ಮನಸ್ಸು ಒಳ್ಳೆಯದೇ. ಆದರೆ ಮೋಟಾರು ಪಾಲಿಸಿಯ ಷರತ್ತುಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳುವುದು, ಹಣದ ಮಾತು ಕೊಡುವುದು, ಹಣ ಕೊಡುವುದು ಯಾವುದನ್ನೂ ವಿಮೆ ಮಾಡಿಸಿದವನು ಮಾಡಬಾರದು. ಕ್ಲೇಮ್ ಮಾಡುವ ವಿಚಾರ ಇದ್ದರೆ ಆ ಮೂರು ಸಾವಿರದ ಕಾಗದಕ್ಕೆ ಸಹಿ ಹಾಕಬೇಡಿ. ಕ್ಲೇಮಿನ ಗೊಡವೆಯೇ ಬೇಡ ಅಂತ ನಿರ್ಧಾರವಾಗಿದ್ದರೆ ಹಿರಿಯರ ಮಾತೇ ಹಿತ.

ಕಾಕಾ ಸೋಲೊಪ್ಪುವ ಆಸಾಮಿ ಅಲ್ಲ. "ಹಂಗಾರ ಗಾಡಿ ಹಚ್ಚಾಕ ಜಾಗಾ ಕೊಟ್ಟಾವನ್ನ ಹಿಡಿಯೂಣು. ಪೇಟ್ಯಾಗ ಪಾರ್ಕಿಂಗ್ ರೊಕ್ಕಾ ತಗೊಂಡ ಚೀಟಿ ಕೊಡತಾರಲ್ರಿ, ಅಂಥಲ್ಲಿ ಬಡಸಿಕೊಂಡ್ರ?"

ಆ ಚೀಟಿಯ ಹಿಂದೆ 'ಗಾಡಿ ಮಾಲಕರ ಜವಾಬ್ದಾರಿ' ಅಂತ ಅಚ್ಚು ಹೊಡೆದಿರುತ್ತದೆ. ಅದನ್ನು ಓದಿ ಎಲ್ಲರೂ ಕೈ ಮುಗಿದು ಬರುತ್ತಾರೆ. ಆದರೆ ಅಚ್ಚು ಹೊಡೆದದ್ದೆಲ್ಲ ಕಾನೂನಲ್ಲ ಅನ್ನುವುದಕ್ಕೆ ದಿಲ್ಲಿಯ ಒಂದು ಪ್ರಕರಣ ಇದೆ. 1998ರ ಆಗಸ್ಟ್ 1ರ ರಾತ್ರಿ ಒಬ್ಬರು ತಮ್ಮ ಮಾರುತಿ ಝೆನ್ ಕಾರನ್ನು ತಾಜ್ ಮಹಲ್ ಹೋಟೆಲಿನಲ್ಲಿ ಗಾಡಿ ನಿಲ್ಲಿಸಿಕೊಡುವ ವ್ಯಾಲೆಗೆ ಕೀಲಿ ಸಮೇತ ಒಪ್ಪಿಸಿ ಒಳಗೆ ಹೋದರು. ಬೇರೊಂದು ಕಾರಿನಲ್ಲಿ ಬಂದಿದ್ದ ಮೂವರು ಹುಡುಗರು ತಮ್ಮ ಗಾಡಿ ತರಿಸುವ ನೆವದಲ್ಲಿ ಈ ಝೆನ್ನಿನ ಕೀಲಿ ಎತ್ತಿಕೊಂಡು ಗಾಡಿ ಓಡಿಸಿಕೊಂಡು ಹೋದರು. ಮಧ್ಯರಾತ್ರಿ ದಾಟಿದ ಮೇಲೆ ಮಾಲಕರು ಹೊರಗೆ ಬಂದರೆ ಕಾರಿಲ್ಲ. ವಿಮಾ ಕಂಪನಿ ಅವರಿಗೆ 2.80 ಲಕ್ಷ ಕೊಟ್ಟು, ಅವರ ಜತೆ ಸೇರಿ ಹೋಟೆಲಿನ ಮೇಲೆ ದೂರು ಹಾಕಿತು. ಹೋಟೆಲಿನವರು ಚೀಟಿಯ ಮೇಲಿನ ಅಚ್ಚು ತೋರಿಸಿದರು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ಹೋಟೆಲಿನ ವಿರುದ್ಧ ತೀರ್ಪು ಕೊಟ್ಟಿತು. ಕೀಲಿ ಕೈಗೆ ತೆಗೆದುಕೊಂಡ ಮೇಲೆ ಗಾಡಿ ಜೋಪಾನ ಮಾಡುವ ಹೊಣೆ ನಿಮ್ಮದು, ನೀವೇ ನಿರ್ಲಕ್ಷ್ಯ ಮಾಡಿ ಚೀಟಿಯ ಹಿಂದೆ ಅಡಗಲಾಗದು ಅಂತ. ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯಿಂದ ಹೋದ ನ್ಯಾಯಮೂರ್ತಿ ಮೋಹನ ಶಾಂತನಗೌಡರ.

"ಹಂಗಾರ ಹಾಕೂಣಲ್ರಿ!" ಕಾಕಾನ ಕಣ್ಣು ಬೆಳಗಿತು.

"ಕೀಲಿ ಯಾರ ಕೈಯಾಗಿತ್ರಿ?"

"ಅಳಿಯನ ಕೈಯಾಗ."

ಕೀಲಿ ಕೊಡುವುದಕ್ಕೂ ಬರೀ ಜಾಗಕ್ಕೆ ಬಾಡಿಗೆ ಕೊಡುವುದಕ್ಕೂ ಇರುವ ಅಂತರ ಅಷ್ಟೇ. ಕೀಲಿ ನಮ್ಮ ಕಿಸೆಯಲ್ಲಿದ್ದು, ನಾವೇ ಓಡಿಸಿ, ನಾವೇ ಗುದ್ದಿದ ಮೇಲೆ ಜಾಗದವನ ತಪ್ಪೇನು? ಕಾಕಾ ಮದರಂಗಿ ಎಲೆ ಕಿತ್ತು ಹಿಸುಕಿದ.

ಹೊಳೆ ದಂಡೆಯ ನಮ್ಮಂಥವರು ಬಂಪರಿಗಿಂತ ಮೊದಲು ವಿಚಾರ ಮಾಡಬೇಕಾದದ್ದು ನೀರು. 2019ರ ಆಗಸ್ಟಿನಲ್ಲಿ ಕೃಷ್ಣೆ ಊರುಗಳೊಳಗೆ ಬಂದಾಗ ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಮುಳುಗಿದ ಗಾಡಿಗೆ ನಯಾಪೈಸೆ ಇಲ್ಲ. ಓನ್ ಡ್ಯಾಮೇಜಿನಲ್ಲಿ ಮಹಾಪೂರ ಸೇರಿದೆ. ಆದರೆ ನೀರಿಳಿದ ಮೇಲೆ 'ಸುರು ಆಗತೈತೇನು ನೋಡೂಣು' ಅಂತ ಕೀಲಿ ತಿರುವಿ ಎಂಜಿನ್ ಸೀಜ್ ಮಾಡಿಕೊಂಡರೆ, ಅದಕ್ಕೆಂದೇ ಬೇರೆ ರಕ್ಷಣೆ ತೆಗೆದುಕೊಂಡಿರದಿದ್ದರೆ, ಎಂಜಿನ್ನಿನ ಹಣ ಕೈಬಿಟ್ಟಂತೆ. ಮುಳುಗಿದ ಗಾಡಿಯನ್ನು ಕೀಲಿ ಹಚ್ಚದೆ ಎಳೆಸಿಕೊಂಡು ಹೋಗಬೇಕು.

ಕಂಪನಿ ಅನ್ಯಾಯ ಮಾಡಿದರೇನು ಗತಿ ಅಂತ ಕಾಕಾ ಕೊನೆಗೂ ಬಿಡಲಿಲ್ಲ, ಕೇಸು ಹಾಕುವ ಆಸೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೇ ಬರೆಯಬೇಕು. ನಿಯಂತ್ರಕರಾದ ಐಆರ್‌ಡಿಎಐನ 155255 ನಂಬರಿಗೂ ದೂರು ಹೇಳಬಹುದು. ಮೂವತ್ತು ದಿನದಲ್ಲಿ ಕಂಪನಿ ಉತ್ತರ ಕೊಡದಿದ್ದರೆ, ಕೊಟ್ಟದ್ದು ಸಮಾಧಾನವಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಾಗಿಲು. ಅಲ್ಲಿ ಫೀಸಿಲ್ಲ, ವಕೀಲ ಬೇಡ. ಐವತ್ತು ಲಕ್ಷದವರೆಗಿನ ತಕರಾರು ಅವರು ನೋಡುತ್ತಾರೆ. ಅದು ಬೇಡವಾದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲೂ ಫೀಸಿಲ್ಲ.

ಅಳಿಯನ ಪ್ರಕರಣ ಇಷ್ಟು ದೂರ ಹೋಗಲಿಲ್ಲ. ಸಂಜೆ ಅವನೇ ಕೊಲ್ಹಾಪುರದವರಿಗೆ ಫೋನ್ ಮಾಡಿದ. ಪಾಲಿಸಿಯ ವಿವರ ಕೇಳಿದರೆ ಅವರದೂ ಇವನದೂ ಒಂದೇ ಕಂಪನಿ. ಇವರಿಬ್ಬರೂ ಒಬ್ಬರ ಮೇಲೊಬ್ಬರು ಕೇಸು ಹಾಕಿದ್ದರೆ ಆ ಕಂಪನಿ ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕಿಕೊಳ್ಳುತ್ತಿತ್ತು, ವಕೀಲರ ಖರ್ಚು ಮಾತ್ರ ನಮ್ಮವರದು. ಮಾತು ಮುಂದುವರಿದು, ಅವರ ತಾಯಿಯ ತವರು ಸದಲಗಾ ಅಂತ ಹೊರಬಿತ್ತು. ಅಲ್ಲಿಗೆ ಮರಾಠಿ ಹೋಗಿ ಕನ್ನಡ ಬಂತು. ಕಾಕಾ ಫೋನ್ ಕಸಿದುಕೊಂಡು "ಸದಲಗ್ಯಾಗ ಯಾರ ಪೈಕಿ?" ಅಂತ ಸುರು ಮಾಡಿದ. ನಮ್ಮ ಕಡೆ ಈ ಪ್ರಶ್ನೆಗೆ ಐದು ನಿಮಿಷ ಕೊಟ್ಟರೆ ಬೀಗತನ ಸಿಕ್ಕೇ ಸಿಗುತ್ತದೆ. ಅವರವರ ಗಾಡಿ ಅವರವರು ಮಾಡಿಸಿಕೊಳ್ಳುವುದು ಅಂತ ಆಯಿತು. ಬಾಗಿಲಿಗೆ ಖರ್ಚು ಹೆಚ್ಚು ಬಂದದ್ದರಿಂದ, ಬೋನಸ್ಸೂ ಕಡಿಮೆ ಇದ್ದದ್ದರಿಂದ ಅವರು ತಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರು, ಇದ್ದದ್ದನ್ನು ಇದ್ದ ಹಾಗೆ ಬರೆದು. ಅಳಿಯ ಕೈಯಿಂದ ಹಾಕಿದ. ಮೂಲ ಕಂಪನಿಯ ಬಂಪರ್ ಬರಲಿಕ್ಕೆ ತಡ ಅಂತ ಗ್ಯಾರೇಜಿನವನು ಬೇರೆ ಕಂಪನಿಯದನ್ನು ಕೂಡಿಸಿಕೊಟ್ಟ. ದಕ್ಷನಿಗೂ ಕಡೆಗೆ ಸಿಕ್ಕದ್ದು ಟಗರಿನ ತಲೆಯೇ, ನಡೆಯುತ್ತದೆ.

ಎಲ್ಲ ಮುಗಿಯಿತು ಅನ್ನುವಾಗ ಕಾಕು ಕೇಳಿದಳು, "ಎಲ್ಲಾರದೂ ಆತು, ನಮ್ಮ ಟ್ರ್ಯಾಕ್ಟರಿಂದು ಎಂದ ಮುಗೀತೈತಿ ನೋಡ್ರಿ?"

ಕಾಕಾ ಒಳಗೆ ಹೋಗಿ ಟ್ರಂಕು ತಡಕಿ ಕಾಗದ ತಂದ. ಟ್ರ್ಯಾಕ್ಟರಿನದು ಹಿಂದಿನ ವರ್ಷವೇ ಮುಗಿದಿದೆ, ಟ್ರಾಲಿಯ ಹೆಸರು ಪಾಲಿಸಿಯಲ್ಲಿ ಯಾವತ್ತೂ ಸೇರಿಯೇ ಇಲ್ಲ. ಕಬ್ಬಿನ ಸೀಜನ್ ಬಂತು, ದಿನಕ್ಕೆರಡು ಖೇಪು ಕಾರ್ಖಾನೆಗೆ ಹೋಗುವ ಗಾಡಿ. ವಿಮೆ ಇಲ್ಲದ ವಾಹನ ಓಡಿಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸಜೆ ಇಲ್ಲವೇ 2,000 ರೂಪಾಯಿ ದಂಡ ಇಲ್ಲವೇ ಎರಡೂ, ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಅದು ಸಣ್ಣದು. ಆ ಟ್ರಾಲಿ ಯಾರಿಗಾದರೂ ತಾಗಿದರೆ ಪರಿಹಾರದ ಮೊತ್ತ ಪೂರ್ತಿ ಮಾಲಕನ ಮೇಲೆ, ಹೊಲ ಮಾರಿ ಕಟ್ಟಿದವರಿದ್ದಾರೆ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಕಾಕಾ ಚಿಕ್ಕೋಡಿಗೆ ಹೊರಟಿದ್ದಾನೆ. ಇದನ್ನು ಓದಿದವರೂ ತಮ್ಮ ಟ್ರಂಕು ತೆಗೆದು ಪಾಲಿಸಿಯ ತಾರೀಖು ಒಮ್ಮೆ ನೋಡಿಕೊಳ್ಳಬೇಕು.